ಮನ್ಯಾಗ ರೋಗಿ ನೋಡ್ಕೊಳ್ಳೋರನ್ನ ಸ್ಟಡಿಗೆ ಸೇರ್ಸೋದು: ಓಪಿಡಿ, ಆಶಾ, ವಿಆರ್‌ಡಬ್ಲ್ಯೂ (ಪಂಚಾಯ್ತಿ ಪುನರ್ವಸತಿ ಕಾರ್ಯಕರ್ತರು), ವಾಟ್ಸಾಪ್, ಯಾವ ದಾರಿ ಯಾರಿಗೆ ಸರಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಥೀಸಿಸ್ ಮಾಡೋ ಪಿಜಿ ಡಾಕ್ಟರ್‌ಗಳು, ಎಂಎಸ್ಸಿ ನರ್ಸಿಂಗ್ ಹುಡುಗ್ಯಾರು, ಎಂಎಸ್‌ಡಬ್ಲ್ಯೂ ಮಂದಿ, ಎನ್‌ಜಿಓದವ್ರು, ಎಲ್ಲಾರೂ ಒಂದಿಲ್ಲೊಂದು ದಿನ ಕೇಳೋದು ಇದೇ: ಕೇರ್‌ಗಿವರ್ ಸ್ಯಾಂಪಲ್ ಎಲ್ಲಿ ಸಿಗ್ತದ್ರಿ, ಅಂದ್ರ ಮನ್ಯಾಗ ರೋಗಿ ನೋಡ್ಕೊಳ್ಳೋ ಮಂದಿ ಸ್ಟಡಿಗೆ ಎಲ್ಲಿ ಸಿಗ್ತಾರ? ರೋಗಿ ಸಿಗೋದು ಸುಲಭ, ರೋಗಿ ಹೆಸರಿಗೆ ಚೀಟಿ ಇರ್ತದ, ಓಪಿಡಿ ನಂಬರ್ ಇರ್ತದ, ಫೈಲ್ ಇರ್ತದ. ರೋಗಿನ್ನ ಎಬ್ಬಿಸಿ ಕೂಡ್ಸೋರ ಹೆಸರು ಮಾತ್ರ ಯಾವ ರಿಜಿಸ್ಟರ್‌ದಾಗೂ ಇರಲ್ಲ. ಹಂಗಾಗಿ ಲಿಸ್ಟ್ ತಗೊಂಡು ಲಾಟರಿ ಎತ್ತಿ ರ‍್ಯಾಂಡಮ್ ಸ್ಯಾಂಪಲ್ ಮಾಡ್ತೀನಿ ಅಂತ ಸಿನಾಪ್ಸಿಸ್ ಅಂದ್ರ ಥೀಸಿಸ್ ಪ್ಲಾನ್‌ದಾಗ ಬರದವ್ರು ಆಮ್ಯಾಲ ತಲಿ ಹಿಡ್ಕೊಂಡು ಕೂಡ್ತಾರ, ಎತ್ತಾಕ ಲಿಸ್ಟೇ ಇಲ್ಲ.

ದಾರಿ ಐದಾರು ಅವ. ಎಲ್ಲಾವೂ ನಡೀತಾವ, ಆದ್ರ ಒಂದೊಂದು ದಾರಿ ಒಂದೊಂದು ತರದ ಮಂದಿನ್ನ ಹೊರಗ ಬಿಡ್ತದ, ಮತ್ತ ಬಿಟ್ಟಿದ್ದು ನಮಗ ಕಾಣಲ್ಲ. ಅದಕ್ಕ ಯಾವ್ದು ಜಲ್ದಿ ಆಗ್ತದ ಅನ್ನೋದ್ಕಿಂತ ಯಾವ್ದು ಯಾರನ್ನ ಬಿಡ್ತದ ಅಂತ ನೋಡಿ ಆರಿಸ್ಕೋರಿ, ನಾನು ಇಲ್ಲಿ ಬರೀತಿರೋದೂ ಅದೇ ಲೆಕ್ಕದಾಗ.

ಮೊದ್ಲು ಯಾರು ಬೇಕು ಅಂತ ಗಟ್ಟಿ ಮಾಡ್ರಿ

ಲಕ್ವಾ ಹೊಡದ ಮುತ್ಯಾನ ಜೊತಿ ದವಾಖಾನಿಗೆ ಬರಾಂವ ದೊಡ್ಡ ಮಗ. ಬೈಕ್ ಅವನ್ದು, ರೊಕ್ಕ ಅವನ ಕಿಸೆದಾಗ, ಡಾಕ್ಟರ್ ಜೊತಿ ಮಾತಾಡಾಂವನೂ ಅವ್ನೇ. ಮುತ್ಯಾಗ ಊಟ ಮಾಡ್ಸಾಕಿ, ಮೈ ತೊಳ್ಯಾಕಿ, ರಾತ್ರಿ ಎದ್ದು ಮಗ್ಗಲು ಬದ್ಲಿಸಾಕಿ ಸೊಸಿ, ಇಲ್ಲಾಂದ್ರ ಸ್ವತಃ ಮೊಣಕಾಲ್ ನೋವಿನ ಆಯಿ. ಓಪಿಡಿದಾಗ ನಿಂತು ಪೇಷಂಟ್‌ನ ಕೇರ್‌ಗಿವರ್ ಯಾರ್ರಿ ಅಂದ್ರ ಮಗ ಕೈ ಎತ್ತತಾನ, ಸುಳ್ಳು ಹೇಳ್ತಾನಂತಲ್ಲ, ಅವನ ಮನಸಿನ್ಯಾಗ ಖರೇನೇ ಅವ್ನೇ ನೋಡ್ಕೊಳ್ಳಾಂವ. ಸೊಸಿಗ ಕೇಳಿದ್ರ ನಾನೇನ್ ಮಾಡ್ತೀನ್ರಿ, ಮನಿ ಕೆಲಸ ಅಷ್ಟೇ ಅಂತಾಳ.

ಹಂಗಾಗಿ ಕೆಲಸದ ಮ್ಯಾಲ ಕೇಳ್ರಿ. ನಿನ್ನಿ ರಾತ್ರಿ ಗುಳಿಗಿ ಯಾರ್ ಕೊಟ್ರು? ಜಳಕ ಯಾರ್ ಮಾಡ್ಸಿದ್ರು? ರಾತ್ರಿ ಬಾಜೂಕ ಯಾರ್ ಮಲಗ್ತಾರ? ಮೂರಕ್ಕೂ ಒಂದೇ ಹೆಸರು ಬಂತಂದ್ರ ಅವ್ರೇ ನಿಮಗ ಬೇಕಾದವ್ರು. ಬ್ಯಾರೆ ಬ್ಯಾರೆ ಬಂದ್ರ ಯಾರ್ ಹೆಚ್ಚು ತಾಸು ಕೊಡ್ತಾರ ಅವ್ರನ್ನ ಹಿಡೀರಿ, ಈ ರೂಲ್ ಪ್ರೋಟೋಕಾಲ್‌ದಾಗ (ಸ್ಟಡಿ ಹೆಂಗ ಮಾಡ್ತೀರಿ ಅನ್ನೋ ಬರಹದಾಗ) ಮೊದ್ಲೇ ಬರದಿಡ್ರಿ, ಫೀಲ್ಡ್‌ಗ ಹೋಗಿ ನಿಂತಲ್ಲೇ ತೀರ್ಮಾನ ಮಾಡಾಕ ಹೋಗಬ್ಯಾಡ್ರಿ. ಪಗಾರ ತಗೊಂಡು ನೋಡ್ಕೊಳ್ಳೋ ಹೋಮ್ ನರ್ಸ್ ಸೇರ್ತಾರೋ ಇಲ್ಲೋ ಅಂತನೂ ಬರೀರಿ. ಇನ್ನೊಂದು, ಶಾಲಿ ಬಿಟ್ಟು ಆಯಿನ್ನ ನೋಡ್ಕೊಂಡು ಕುಂತ ಹದಿನೈದು ಹದಿನಾರು ವರ್ಷದ ಹುಡುಗ್ಯಾರು ಈ ಕಡೆ ಸಿಗ್ತಾರ. ಅವ್ರನ್ನ ತಗೋತೀರಂದ್ರ ತಂದಿ ತಾಯಿ ಒಪ್ಪಿಗೆ ಬೇಕು, ಮ್ಯಾಲ ಆ ಹುಡುಗಿದೇ ಅಸೆಂಟ್, ಅಂದ್ರ ಆಕಿ ಸ್ವಂತ ಹೂಂ, ಬೇಕು. ಎಲ್ಲಾರೂ 18 ದಾಟಿದವ್ರೇ ಸಾಕು ಅಂತ ಬರದು ಕೈ ತೊಳ್ಕೋತಾರ, ಅದು ಸುಲಭ ಖರೇ, ಆದ್ರ ಆ ಹುಡುಗ್ಯಾರ ಸುದ್ದಿ ಯಾವ ರಿಪೋರ್ಟ್‌ದಾಗೂ ಬರಲ್ಲ.

ದವಾಖಾನಿ ಓಪಿಡಿ

ಎಲ್ಲಾರೂ ಮೊದ್ಲು ಓಡೋದು ಇಲ್ಲಿಗೇ. ಕಲಬುರಗಿದಾಗ ಜಿಮ್ಸ್, ಇಎಸ್ಐ, ಬಸವೇಶ್ವರ, ಕೆಬಿಎನ್, ಕ್ಯಾನ್ಸರ್‌ಗ ಕಿದ್ವಾಯಿ ಸೆಂಟರ್, ಹಾರ್ಟ್‌ಗ ಜಯದೇವ, ಬೀದರ್‌ದಾಗ ಬ್ರಿಮ್ಸ್, ಯಾದಗಿರಿದಾಗ ಯಿಮ್ಸ್. ಲಾಭ ಏನಂದ್ರ ಡಯಾಗ್ನೋಸಿಸ್ ಪಕ್ಕಾ ಇರ್ತದ, ಒಂದೇ ಜಾಗದಾಗ ಮಂದಿ ಸಿಗ್ತಾರ, ಖರ್ಚು ಕಮ್ಮಿ, ಎಥಿಕ್ಸ್ ಕಮಿಟಿ (ಸ್ಟಡಿಯಿಂದ ಮಂದಿಗೆ ತೊಂದರಿ ಇಲ್ಲ ಅಂತ ನೋಡಿ ಒಪ್ಪಿಗೆ ಕೊಡೋದು) ಅಲ್ಲೇ ಇರ್ತದ. ಪಿಜಿ ಥೀಸಿಸ್‌ಗ ಇದಕ್ಕಿಂತ ಜಲ್ದಿ ದಾರಿ ಇಲ್ಲ.

ತೊಂದರಿ ಮ್ಯಾಲೇ ಹೇಳೀನಿ, ಬಂದಾಂವ ಒಬ್ಬ ನೋಡ್ಕೊಳ್ಳಾಕಿ ಒಬ್ಬಾಕಿ. ಎರಡನೇದು, ಓಪಿಡಿದಾಗ ಯಾರಿಗೂ ಪುರುಸೊತ್ತಿಲ್ಲ. ಚೀಟಿ ಮಾಡ್ಸಿ, ಡಾಕ್ಟರ್‌ಗ ತೋರ್ಸಿ, ಬ್ಲಡ್ ಟೆಸ್ಟ್‌ಗ ಓಡಿ, ಔಷಧಿ ಕೌಂಟರ್‌ದಾಗ ನಿಂತು, ಮಧ್ಯಾಹ್ನದ ಬಸ್ ಹಿಡೀಬೇಕು. ಅಂಥಾ ಹೊತ್ತಿನ್ಯಾಗ ನೋಡ್ಕೊಳ್ಳೋರ ಮ್ಯಾಲಿನ ಭಾರ ಅಳಿಯೋ 22 ಪ್ರಶ್ನಿದ್ದು ಜರಿತ್ ಸ್ಕೇಲ್ ತಗದ್ರ ಎಲ್ಲಾದಕ್ಕೂ "ಹಂಗೇನಿಲ್ರಿ" ಅಂದು ಎದ್ದು ಹೋಗ್ತಾರ, ನಿಮ್ಮ ಡೇಟಾದಾಗ ಯಾರಿಗೂ ಭಾರನೇ ಇಲ್ಲ ಅಂತ ಬರ್ತದ. ಮೂರನೇದು ಇನ್ನೂ ದೊಡ್ಡದು, ಈ ಮೂರು ಜಿಲ್ಲಾದ ರೋಗಿಗಳು ಎಲ್ಲಾರೂ ಈ ದವಾಖಾನಿಗಳಿಗೆ ಬರಲ್ಲ. ಆಳಂದ, ಅಫಜಲಪುರ ಕಡೆವ್ರು ಸೋಲಾಪುರಕ್ಕ ಹೋಗ್ತಾರ, ಬೀದರ್, ಚಿಂಚೋಳಿ, ಸೇಡಂ, ಗುರುಮಠಕಲ್ ಕಡೆವ್ರು ಹೈದರಾಬಾದ್‌ಗ ಹೋಗ್ತಾರ. ಕೈಯಾಗ ನಾಕ್ ರೊಕ್ಕ ಇದ್ದವ್ರು ಮತ್ತ ಸಾಲ ಮಾಡಿ ಹೋದವ್ರು ಇಬ್ರೂ ನಿಮ್ಮ ಓಪಿಡಿ ಲೆಕ್ಕಕ್ಕ ಸಿಗಲ್ಲ. ಮತ್ತ ಯಾವ ದವಾಖಾನಿಗೂ ಹೋಗದೆ ಗುಡಿಗೆ ದರ್ಗಾಕ್ಕ ತಿರಗ್ಯಾಡಿ ಸುಮ್ನಾದವ್ರು, ಅವ್ರಂತೂ ಸಿಗೋ ಮಾತೇ ಇಲ್ಲ.

ಆದ್ರ ದವಾಖಾನಿ ಒಳಗೇ ಒಂದೆರಡು ಬಂಗಾರದಂಥಾ ಜಾಗ ಅವ. ಡಯಾಲಿಸಿಸ್ ಯೂನಿಟ್ ಹೊರಗಿನ ಬೆಂಚು. ರೋಗಿ ಒಳಗ ಹೆಚ್ಚೂ ಕಮ್ಮಿ ನಾಕ್ ತಾಸು ಮಶೀನ್ ಮ್ಯಾಲ ಇರ್ತಾನ, ವಾರಕ್ಕ ಎರಡು ಮೂರು ಸರ್ತಿ ಬರ್ತಾನ, ಜೊತಿಗೆ ಬಂದವ್ರು ಹೊರಗ ಖಾಲಿ ಕುಂತಿರ್ತಾರ, ಸಾಮಾನ್ಯ ಅದೇ ಮುಖಗಳು. ಮೊದಲ್ನೇ ದಿನ ಬರೇ ಪರಿಚಯ ಮಾಡ್ಕೊಂಡು ಚಾ ಕುಡ್ದು ಬರ್ರಿ, ಎರಡನೇ ಸರ್ತಿ ಮಾಹಿತಿ ಪತ್ರ ಓದಿ ಹೇಳ್ರಿ, ಮೂರನೇ ಸರ್ತಿ ಕೇಳ್ರಿ. ಯೋಚನಿ ಮಾಡಾಕ ಟೈಮ್ ಕೊಟ್ಟಂಗನೂ ಆಗ್ತದ, ಕನ್ಸೆಂಟ್ (ತಿಳದು ಕೊಡೋ ಒಪ್ಪಿಗೆ) ಅಂದ್ರ ಅದೇ ಅಲ್ಲೇನ್ರಿ. ಕೀಮೋ ಡೇ ಕೇರ್‌ದಾಗೂ ಹಿಂಗೇ ಟೈಮ್ ಸಿಗ್ತದ. ಇನ್ಪೇಷಂಟ್ ವಾರ್ಡ್‌ದಾಗ ಜನರಲ್ ವಾರ್ಡ್ ಬೇಕು, ಅಲ್ಲಿ ರಾತ್ರಿ ನೆಲದ ಮ್ಯಾಲ ಚಾಪಿ ಹಾಸ್ಕೊಂಡು ಮಲಗೋರು ಖರೇ ಕೇರ್‌ಗಿವರ್. ಡಿಸ್ಚಾರ್ಜ್ ದಿನ ಮಾತ್ರ ಹತ್ರ ಹೋಗಬ್ಯಾಡ್ರಿ, ಬಿಲ್ಲು, ಕಾರ್ಡು, ಗಾಡಿ ಅಂತ ಎಲ್ಲಾರ ತಲಿ ಕೆಟ್ಟಿರ್ತದ.

ಪರ್ಮಿಷನ್ ವಿಷಯ ಒಂದು ಸಾಲಿನ್ಯಾಗ: ಎಥಿಕ್ಸ್ ಕಮಿಟಿ ಪತ್ರ ಒಂದಿದ್ರ ಸಾಲಲ್ಲ, ಸುಪರಿಂಟೆಂಡೆಂಟ್, ಎಚ್ಒಡಿ (ವಿಭಾಗದ ಮುಖ್ಯಸ್ಥರು), ವಾರ್ಡ್ ಸಿಸ್ಟರ್ ಮೂರೂ ಮಂದಿಗೆ ಗೊತ್ತಿರಬೇಕು, ಮತ್ತ ಬಿಳಿ ಕೋಟ್ ತಗದಿಟ್ಟು ಹೋಗ್ರಿ. ಕೋಟ್ ಹಾಕ್ಕೊಂಡು ಕೇಳಿದ್ರ ಯಾರೂ ಇಲ್ಲ ಅನ್ನಲ್ಲ, ಯಾಕಂದ್ರ ಇಲ್ಲ ಅಂದ್ರ ನಮ್ಮ ಪೇಷಂಟ್‌ನ ಸರಿ ನೋಡಲ್ಲ ಅಂತ ಅಂಜಿಕಿ.

ತಾಲೂಕು ದವಾಖಾನಿದಾಗ ಮಂಗಳವಾರ

ಮಾನಸಿಕ ಆರೋಗ್ಯದ ಸ್ಟಡಿ ಇದ್ದವ್ರು ಮನೋಚೈತನ್ಯ ಕ್ಲಿನಿಕ್ ಮರೀಬ್ಯಾಡ್ರಿ. ತಾಲೂಕು ದವಾಖಾನಿಗೆ ಮಂಗಳವಾರ ಮನೋವೈದ್ಯರು ಬಂದು ನೋಡೋ ಯೋಜನಾ ಇದು. ಜಿಲ್ಲಾ ಕೇಂದ್ರಕ್ಕ ಬರಾಕ ಆಗದ ಮಂದಿ ಇಲ್ಲಿ ಬರ್ತಾರ, ದೂರ ಕಮ್ಮಿ ಇರೋದ್ರಿಂದ ಮಗನ ಬದ್ಲಿ ತಾಯಿನೋ ಹೆಂಡತಿನೋ ಜೊತಿಗೆ ಬಂದಿರ್ತಾರ. ಸಂಖ್ಯೆ ಕಮ್ಮಿ, ವಾರಕ್ಕ ಒಂದೇ ದಿನ, ಡಾಕ್ಟರ್ ರಜಾ ಹಾಕಿದ್ರ ಆ ವಾರ ಹೋಯ್ತು. ಒಂದೇ ತಾಲೂಕು ಹಿಡದ್ರ ಸ್ಯಾಂಪಲ್ ತುಂಬಲ್ಲ, ಮೂರು ನಾಕ್ ತಾಲೂಕು ಬೇಕು, ಅದಕ್ಕ ಮೂರು ನಾಕ್ ಮಂದಿ ಬೇಕು.

ಆಶಾ ಅಕ್ಕೋರ ಜೊತಿ ಮನಿ ಮನಿ

ಹಳ್ಳಿದಾಗ ಸುಮಾರು ಸಾವಿರ ಮಂದಿಗೆ ಒಬ್ಬ ಆಶಾ ಅಂತ ಲೆಕ್ಕ. ಯಾರ ಮನ್ಯಾಗ ಯಾರ್ ಹಾಸಿಗಿ ಹಿಡದಾರ ಅಂತ ಆಕಿಗೆ ಬಾಯಿಪಾಠ ಇರ್ತದ. ದವಾಖಾನಿ ಮೆಟ್ಟಲೇ ಹತ್ತದವ್ರನ್ನ ಹಿಡೀಬೇಕಂದ್ರ ಮನಿ ಬಾಗ್ಲಿಗೇ ಹೋಗಬೇಕು, ಬ್ಯಾರೆ ದಾರಿ ಇಲ್ಲ. ಡಿಮೆನ್ಷಿಯಾ (ವಯಸ್ಸಾದವ್ರ ಮರೆವಿನ ಕಾಯಿಲಿ) ಮ್ಯಾಲ ಕೆಲಸ ಮಾಡಿದ 10/66 ಅನ್ನೋ ಅಂತರರಾಷ್ಟ್ರೀಯ ಗುಂಪಿನವ್ರು ನಮ್ಮ ದೇಶದಾಗ ಚೆನ್ನೈ, ವೆಲ್ಲೂರು ಕಡೆ ಮಾಡಿದ್ದೂ ಇದನ್ನೇ, ಒಂದು ಏರಿಯಾ ಗೆರಿ ಹಾಕಿ ಅಲ್ಲಿರೋ 65 ದಾಟಿದ ಎಲ್ಲಾ ಹಿರಿಯರ ಮನಿಗೆ ಹೋದ್ರು, ಹಿರಿಯರ ಜೊತಿ ಅವ್ರನ್ನ ಚೆನ್ನಾಗಿ ಬಲ್ಲ ಮನಿಯವ್ರ ಜೊತಿನೂ ಕುಂತು ಕೇಳಿದ್ರು. ಆ ಹೆಸರಿನ ಅರ್ಥನೇ ಅದು: ಡಿಮೆನ್ಷಿಯಾ ಇದ್ದವ್ರಾಗ ನೂರಕ್ಕ 66 ಮಂದಿ ನಮ್ಮಂಥಾ ಬಡ ದೇಶದಾಗ ಇದ್ರು, ರೀಸರ್ಚ್ ಮಾತ್ರ ನೂರಕ್ಕ 10 ಭಾಗನೂ ಇಲ್ಲಿ ಆಗ್ತಿರ್ಲಿಲ್ಲ.

ಈ ದಾರಿದಾಗ ಸೊಸಿ ಸಿಗ್ತಾಳ, ಆಯಿ ಸಿಗ್ತಾಳ, ಮಗನ್ನ ನೋಡ್ಕೊಳ್ಳೋ ಮುದಕ ಅಪ್ಪ ಸಿಗ್ತಾನ. ಆದ್ರ ಮೂರು ಎಚ್ಚರಿಕಿ. ಒಂದು, ಆಶಾಗಳ ಮ್ಯಾಲ ಮೊದ್ಲೇ ಗುಡ್ಡದಷ್ಟು ಕೆಲಸ ಅದ, ಸರ್ವೇ ಮ್ಯಾಲ ಸರ್ವೇ. ಪುಕ್ಕಟ ಬಾ ಅನ್ನಬ್ಯಾಡ್ರಿ, ಬಜೆಟ್‌ದಾಗ ಅವ್ರ ದಿನದ ರೊಕ್ಕ ಇಡ್ರಿ, ಡಿಎಚ್ಒ (ಜಿಲ್ಲಾ ಆರೋಗ್ಯಾಧಿಕಾರಿ) ಮತ್ತ ತಾಲೂಕು ಆರೋಗ್ಯಾಧಿಕಾರಿ ಕಡಿಂದ ಲೆಟರ್ ತಗೋರಿ. ಎರಡು, ಆಶಾ ಮುಂದ ಕುಂತಾಗ ಮಂದಿಗೆ ಇಲ್ಲ ಅನ್ನಾಕ ಮುಜುಗರ, ನಾಳಿ ಆಕಿ ಕಡೆನೇ ಕೆಲಸ ಬೀಳ್ತದ. ಆಶಾ ಮನಿ ತೋರ್ಸಿ ಪರಿಚಯ ಮಾಡಿ ವಾಪಸ್ ಹೋಗ್ಲಿ, ಕನ್ಸೆಂಟ್ ನೀವೇ ತಗೋರಿ. ಮೂರು, ಆಶಾ ಅದೇ ಊರಾಕಿ, ಒಮ್ಮೊಮ್ಮೆ ಅದೇ ಓಣಿ, ಅದೇ ಸಂಬಂಧ. ಮಗಳ ಮದಿವಿ ಆಗೋದದ ಅಂತ ಮಗನ ಹುಚ್ಚು ಮುಚ್ಚಿಟ್ಟ ಮನ್ಯಾಗ ಆಶಾ ಜೊತಿ ಹೋಗಿ ಕೇಳಿದ್ರ ಬಾಗ್ಲಾ ಬಂದ್. ಮಾನಸಿಕ ರೋಗಕ್ಕ ಈ ದಾರಿ ನಾನು ಒಪ್ಪಲ್ಲ, ಲಕ್ವಾಕ್ಕ, ವಯಸ್ಸಾದವ್ರ ವಿಷಯಕ್ಕ ಭಾಳ ಛಲೋ.

ಇನ್ನ ಊರಿನ್ಯಾಗ ಫೈಲ್ ಹಿಡ್ಕೊಂಡು ಹೋದ್ರ ಏನಾಗ್ತದ ಗೊತ್ತದಲ್ಲ, ರೇಷನ್ ಕಾರ್ಡ್ ಕಟ್ ಮಾಡಾಕ ಬಂದಾರ ಅಂತ ಒಬ್ರು, ಗೃಹಲಕ್ಷ್ಮಿ ರೊಕ್ಕ ನಿಂತಿದ್ದಕ್ಕ ಬಂದಾರ ಅಂತ ಒಬ್ರು. ಆದಾಯ ಎಷ್ಟು ಅಂತ ಮೊದ್ಲ ಪುಟದಾಗೇ ಕೇಳಬ್ಯಾಡ್ರಿ, ಕೊನಿಗಿಡ್ರಿ. ಆಧಾರ್ ನಂಬರ್ ಅಂತೂ ಕೇಳಲೇಬ್ಯಾಡ್ರಿ, ಸ್ಟಡಿಗೆ ಬೇಕಾಗೋದೂ ಇಲ್ಲ, ಒಟಿಪಿ ಮೋಸದ ಸುದ್ದಿ ಕೇಳಿ ಕೇಳಿ ಮಂದಿ ಫೋನ್ ನಂಬರ್ ಕೊಡಾಕೂ ಅಂಜತಾರ.

ಪಂಚಾಯ್ತಿ ವಿಆರ್‌ಡಬ್ಲ್ಯೂ, ಯಾರೂ ನೆನಸದ ದಾರಿ

ನನ್ನ ಕೇಳಿದ್ರ ಈ ಭಾಗಕ್ಕ ಎಲ್ಲಾದ್ಕಿಂತ ಕಮ್ಮಿ ಬಳಕಿ ಆದ ಛಲೋ ದಾರಿ ಇದು. ಗ್ರಾಮ ಪಂಚಾಯ್ತಿಗೊಬ್ರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ), ತಾಲೂಕಿಗೊಬ್ರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ) ಇರ್ತಾರ. ಇವ್ರೇ ಸ್ವತಃ ಅಂಗವಿಕಲರು, ಗೌರವಧನದ ಮ್ಯಾಲ ಕೆಲಸ ಮಾಡೋರು, ಅಂಗವಿಕಲರ ಗುರ್ತಿನ ಯುಡಿಐಡಿ ಕಾರ್ಡ್, ಪಿಂಚಣಿ, ಗಾಲಿ ಕುರ್ಚಿ ಅಂತ ಆ ಮನಿಗಳಿಗೆ ಓಡಾಡಿದವ್ರು. ಆಶಾಗ ಗರ್ಭಿಣಿ ಬಾಣಂತಿ ಮೊದ್ಲು, ವಿಆರ್‌ಡಬ್ಲ್ಯೂಗ ಮೊದ್ಲಿಂದ ಕೊನಿತನ ಇದೇ ಕೆಲಸ. ಬುದ್ಧಿಮಾಂದ್ಯ ಮಗು, ಸೆರಿಬ್ರಲ್ ಪಾಲ್ಸಿ ಮಗು ಇರೋ ತಾಯಂದ್ರನ್ನ ಹುಡುಕ್ತೀರಂದ್ರ ನೇರ ಇಲ್ಲಿಗೇ ಬರ್ರಿ, ಓಪಿಡಿದಾಗ ತಿಂಗಳಾನುಗಟ್ಟಲೆ ಕಾಯೋದನ್ನ ಇಲ್ಲಿ ವಾರದಾಗ ಮುಗಿಸ್ಬಹುದು.

ಕೊರತಿ ಎಲ್ಲಿ ಅಂದ್ರ ಇವ್ರ ಲಿಸ್ಟ್ ಸರ್ಟಿಫಿಕೇಟ್ ಲಿಸ್ಟ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗ 21 ತರದ ವೈಕಲ್ಯ ಅವ, ಮಾನಸಿಕ ಕಾಯಿಲಿ, ಪಾರ್ಕಿನ್ಸನ್, ಥಲಸ್ಸೇಮಿಯಾ, ಸಿಕಲ್ ಸೆಲ್ ಎಲ್ಲಾ ಸೇರ್ಯಾವ, ಆದ್ರ ಕ್ಯಾನ್ಸರ್, ಕಿಡ್ನಿ ಫೇಲ್ ಅದ್ರಾಗ ಇಲ್ಲ, ಡಿಮೆನ್ಷಿಯಾ ಅಂತ ಪ್ರತ್ಯೇಕ ಹೆಸರೂ ಇಲ್ಲ. ಸೌಲಭ್ಯ ಸಿಗೋದು ಸಾಮಾನ್ಯ 40 ಪರ್ಸೆಂಟ್ ಮ್ಯಾಲ ಇದ್ದವ್ರಿಗೆ, ಹಂಗಾಗಿ ಅದಕ್ಕಿಂತ ಕಮ್ಮಿ ಇದ್ದವ್ರು, ಸರ್ಟಿಫಿಕೇಟ್‌ಗ ಅಲಿದಾಡಾಕ ಯಾರೂ ಇಲ್ಲದವ್ರು ಲಿಸ್ಟ್‌ನ್ಯಾಗ ಇರಲ್ಲ. ಮತ್ತ ಲಿಸ್ಟ್ ಫೋಟೋ ಹೊಡ್ಕೊಂಡು ಬರ್ತೀನಿ ಅನ್ನಬ್ಯಾಡ್ರಿ, ಅದು ಮಂದಿ ಖಾಸಗಿ ಮಾಹಿತಿ. ವಿಆರ್‌ಡಬ್ಲ್ಯೂನೇ ಮೊದ್ಲು ಮನಿಯವ್ರಿಗೆ ಕೇಳಿ, ಹೂಂ ಅಂದವ್ರ ನಂಬರ್ ಅಷ್ಟೇ ನಿಮಗ ಕೊಡ್ಲಿ. ಸ್ವಲ್ಪ ತಡ ಆಗ್ತದ, ಆಗ್ಲಿ.

ವಾಟ್ಸಾಪ್, ಗೂಗಲ್ ಫಾರ್ಮ್

ಲಿಂಕ್ ಬಿಟ್ಟು ಕುಂತ್ರ ರಾತ್ರಿ ಬೆಳಗಾಗೋದ್ರಾಗ ಫಾರ್ಮ್ ತುಂಬಿ ಬರ್ತಾವ ಅಂತ ಆಸಿ. ಬರ್ತಾವ ಖರೇ, ಯಾರ್ ತುಂಬ್ತಾರ ನೋಡ್ರಿ: ಬೆಂಗಳೂರು, ಪುಣೆದಾಗ ಕೆಲಸ ಮಾಡೋ ಮಕ್ಕಳು, ಮಾಸ್ತರು, ನರ್ಸು, ಬ್ಯಾಂಕಿನವ್ರು. ತಿಂಗಳಾ ರೊಕ್ಕ ಕಳ್ಸಿ ದಿನಾ ಫೋನ್ ಮಾಡೋ ಮಗನ ಮ್ಯಾಲ, ದೂರದಿಂದ ನೋಡ್ಕೊಳ್ಳೋರ ಮ್ಯಾಲನೇ ಸ್ಟಡಿ ಇದ್ರ ಇದಕ್ಕಿಂತ ಛಲೋದು ಬ್ಯಾರೆ ಇಲ್ಲ, ಈ ಭಾಗದ ಎಷ್ಟೋ ಮನಿದಾಗ ದುಡ್ಯಾಕ ಹೋದವ್ರೇ ಹೆಚ್ಚು, ಆ ಸ್ಟಡಿ ಯಾರಾದ್ರೂ ಮಾಡಬೇಕು ಕೂಡ. ಆದ್ರ ಸುರಪುರ ತಾಲೂಕಿನ ಹಳ್ಳಿದಾಗ ಅತ್ತಿನ್ನ ನೋಡ್ಕೊಳ್ಳೋ ಸೊಸಿಗೆ ಆ ಲಿಂಕ್ ಮುಟ್ಟಲ್ಲ. ಮನಿಗೊಂದು ದೊಡ್ಡ ಫೋನ್, ಅದು ಗಂಡನ ಕಿಸೆದಾಗ, ಸಂಜಿಗೆ ಬಂದ ಮ್ಯಾಲ ಮಕ್ಕಳ ಕೈಯಾಗ.

ಪೋಸ್ಟರ್ ಬದ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಮಾಡ್ರಿ, ಇಲ್ಲಿ ಮಾತಾಡೋ ಭಾಷಾದಾಗ. ಓದಾಕ ಬರದವ್ರೂ ಕೇಳ್ತಾರ, ಒಬ್ರಿಗೊಬ್ರು ಕಳಸ್ತಾರ. ಫಾರ್ಮ್ ತುಂಬಿದ್ರ ರೀಚಾರ್ಜ್ ಕೊಡ್ತೀವಿ ಅಂತ ಹಾಕಿದ್ರ ಮಾತ್ರ ಒಬ್ನೇ ನಾಕ್ ಹೆಸರಿಲೆ ತುಂಬ್ತಾನ, ಕೇರ್‌ಗಿವರ್ ಅಲ್ಲದವ್ರೂ ತುಂಬ್ತಾರ, ಆಮ್ಯಾಲ ಕಾಳು ಹೊಟ್ಟು ಬ್ಯಾರೆ ಮಾಡೋದ್ರಾಗ ಉಳಿಸಿದ ಟೈಮ್ ಎಲ್ಲಾ ಹೋಗ್ತದ. ಲಿಂಕ್‌ದಾಗ ಬರೇ ಹೆಸರು, ನಂಬರ್, ಯಾವಾಗ ಫೋನ್ ಮಾಡ್ಲಿ ಅಂತ ಕೇಳ್ರಿ, ಪ್ರಶ್ನೆಗಳು ಫೋನಿನ್ಯಾಗ ನೀವೇ ಕೇಳ್ರಿ.

ಒಬ್ರಿಂದ ಒಬ್ರು, ಸಂಘ, ಮಠ, ಮಸೀದಿ

ಒಬ್ಬ ಕೇರ್‌ಗಿವರ್‌ಗ ಇನ್ನೊಬ್ರು ಗೊತ್ತಿರ್ತಾರ, ಸ್ನೋಬಾಲ್ ಅಂತೀವಲ್ಲ ಅದು. ಕಮ್ಮಿ ಕಾಣೋ ರೋಗಕ್ಕ, ಮುಚ್ಚಿಡೋ ರೋಗಕ್ಕ ಇದು ಬೇಕೇ ಬೇಕು, ಥಲಸ್ಸೇಮಿಯಾ ಮಗುವಿನ ತಾಯಿಗೆ ರಕ್ತ ಹಾಕ್ಸಾಕ ಬರೋ ಎಲ್ಲಾ ತಾಯಂದ್ರೂ ಗುರ್ತು. ಕೆಟ್ಟದ್ದೇನಂದ್ರ ಎಲ್ಲಾರೂ ಒಂದೇ ಓಣಿ ಒಂದೇ ಜಾತಿ ಆಗಿಬಿಡ್ತಾರ. ಮೊದ್ಲ ನಾಕೈದು ಮಂದಿನ್ನ ಬ್ಯಾರೆ ಬ್ಯಾರೆ ಕಡಿಂದ ಆರ್ಸಿ ಶುರು ಮಾಡ್ರಿ, ಒಬ್ರಿಂದ ಇಬ್ರು ಮೂವರಿಗಿಂತ ಹೆಚ್ಚು ತಗೋಬ್ಯಾಡ್ರಿ. ಸ್ತ್ರೀಶಕ್ತಿ ಸಂಘದ ಮೀಟಿಂಗ್‌ದಾಗ ಹೇಳಿದ್ರ ಸುದ್ದಿ ಹಬ್ಬತದ, ಆದ್ರ ಖರೇ ಕೇರ್‌ಗಿವರ್ ಆ ಮೀಟಿಂಗ್‌ಗ ಬಂದಿರಲ್ಲ, ಬರಾಕ ಆಗಿರಲ್ಲ. ಮಠದ ಅಪ್ಪೋರು, ಮಸೀದಿ ಇಮಾಮರು ಹೇಳಿದ್ರ ಮಂದಿ ನಂಬ್ತಾರ, ಅದು ಪರಿಚಯಕ್ಕ ಸಾಕು. ಐಸಿಎಂಆರ್‌ದು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿದು) 2017ರ ಮಾರ್ಗಸೂಚಿ ಸ್ಪಷ್ಟ ಅದ, ಊರ ಹಿರಿಯರು ಒಪ್ಪಿದ್ರೂ ಆ ವ್ಯಕ್ತಿದು ಒಪ್ಪಿಗೆ ಬ್ಯಾರೆನೇ ಬೇಕು. ಮನಿಗೂ ಅದೇ ಮಾತು: ಗಂಡ ಹೂಂ ಅಂದ, ಅತ್ತಿ ಹೂಂ ಅಂದ್ಲು ಅಂತ ಸೊಸಿದು ಸಹಿ ಆದಂಗಲ್ಲ. ಓದಾಕ ಬರದಿದ್ರ ಓದಿ ಹೇಳಿ ಹೆಬ್ಬೆಟ್ಟು ತಗೋರಿ, ಜೊತಿಗೆ ಸ್ಟಡಿಗೂ ನಿಮಗೂ ಸಂಬಂಧ ಇಲ್ಲದ ಸಾಕ್ಷಿ ಒಬ್ರು ಇರಬೇಕು.

ಆಕಾಶವಾಣಿ, ಪೇಪರ್ ಪ್ರಕಟಣೆ: ಹೆಸರು ಕೇಳಿದಂಗಿರ್ತದ ಮಂದಿಗೆ, ಅಷ್ಟೇ. ಅದ್ರಿಂದನೇ ಸ್ಯಾಂಪಲ್ ತುಂಬಲ್ಲ.

ಹಂಗಾದ್ರ ಯಾವ್ದು?

ಬರೇ ಸ್ಕೇಲ್ ಹಚ್ಚಿ ನಂಬರ್ ತಗಿಯೋ ಥೀಸಿಸ್, ಟೈಮ್ ಕಮ್ಮಿ, ಗ್ರ್ಯಾಂಟ್ ಇಲ್ಲ ಅಂದ್ರ ದವಾಖಾನಿ ಹಿಡೀರಿ, ಅದೂ ಡಯಾಲಿಸಿಸ್, ಕೀಮೋ, ವಾರ್ಡ್. ಬಂದಾಂವ ಖರೇ ಕೇರ್‌ಗಿವರ್ ಅಲ್ಲ ಅಂತ ಗೊತ್ತಾದ್ರ ಅವನ ಕಡಿಂದ ಮನಿಗೆ ಫೋನ್ ಹಚ್ಚಿಸಿ ಆಕಿ ಜೊತಿ ಮಾತಾಡಿ ಟೈಮ್ ಕೇಳ್ರಿ. ಬಿಡ್ತಾನಂದ್ರ ಛಲೋ, ಬಿಡಲ್ಲಂದ್ರ ಲಾಗ್‌ದಾಗ (ಯಾರಿಗೆ ಕೇಳಿದ್ರಿ, ಏನಂದ್ರು ಅನ್ನೋ ಪಟ್ಟಿದಾಗ) ಬರೀರಿ.

ಮನಸಿನ ಮಾತು ಕೇಳೋ ಇಂಟರ್ವ್ಯೂ ಸ್ಟಡಿ ಇದ್ರ ಮಂದಿ ಕಮ್ಮಿ ಸಾಕು, ಜಾಗ ಮುಖ್ಯ. ಜರಿತ್‌ದಾಗ ಸಿಟ್ಟು ಬರ್ತದೇನು, ಬ್ಯಾರೆಯವ್ರಿಗೆ ಒಪ್ಸಿ ಹೋಗಬೇಕು ಅನಸ್ತದೇನು ಅನ್ನೋ ತರದ ಪ್ರಶ್ನೆ ಅವ. ಅತ್ತಿ ಅಲ್ಲೇ ಬಾಜ್ ಮ್ಯಾಲ ಕಿವಿ ಕೊಟ್ಟು ಮಲಗಿದಾಗ ಯಾವ ಸೊಸಿ ಹೂಂ ಅಂತಾಳ್ರಿ? ನೀರು ತರಾಕ ಹೋಗೋ ಹೊತ್ತು, ಹೊಲದ ಬದು, ಅಂಗನವಾಡಿ ಖಾಲಿ ಇದ್ದಾಗ, ಆಕಿ ಎಲ್ಲಿ ಅಂತಾಳೋ ಅಲ್ಲಿ ಕೂಡ್ರಿ. ಮಾನಸಿಕ ಕಾಯಿಲಿ ಇದ್ದವ್ರ ಮನಿಯವ್ರಿಗೆ ಜರಿತ್ ಬದ್ಲಿ ಮಾನಸಿಕ ಕಾಯಿಲಿ ಮ್ಯಾಲ ಕೆಲಸ ಮಾಡೋ ಚೆನ್ನೈದು ಸ್ಕಾರ್ಫ್ ಸಂಸ್ಥಾದವ್ರು ಮಾಡಿದ 40 ಪ್ರಶ್ನೆದು ಬರ್ಡನ್ ಅಸೆಸ್‌ಮೆಂಟ್ ಶೆಡ್ಯೂಲ್ ಹೆಚ್ಚು ಹೊಂದತದ ಅಂತ ನನ್ನ ಅಭಿಪ್ರಾಯ, ನಮ್ಮ ದೇಶದ ಮನಿ ನೋಡಿ ಮಾಡಿದ್ದು. ಇಂಥಾ ಸ್ಟಡಿಗೆ ವಿಆರ್‌ಡಬ್ಲ್ಯೂ ಮತ್ತ ಸ್ನೋಬಾಲ್ ಕೂಡ್ಸಿ ಮಾಡ್ರಿ.

ಟ್ರೇನಿಂಗ್ ಕೊಟ್ಟು ಆರು ತಿಂಗಳು ಬೆನ್ನತ್ತೋ ಟ್ರಯಲ್ ಇದ್ರ ಮೊದಲ್ನೇ ಮನುಷ್ಯಾನ್ನ ಸೇರ್ಸೋಕಿಂತ ಮೊದ್ಲು ಸಿಟಿಆರ್‌ಐದಾಗ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿದಾಗ) ರಿಜಿಸ್ಟರ್ ಮಾಡ್ರಿ, ಮತ್ತ ಸೇರ್ಸೋದ್ಕಿಂತ ಉಳಸ್ಕೊಳ್ಳೋದು ಕಷ್ಟ ಅಂತ ತಿಳ್ಕೋರಿ. ಕೊನಿಗೆ 60 ಮಂದಿ ಬೇಕು, ನೂರಕ್ಕ 20 ಮಂದಿ ಬಿಡ್ತಾರ ಅಂತ ಹಿಡದ್ರ 75 ಮಂದಿ ಸೇರ್ಸಬೇಕು. ರೋಗಿ ತೀರ್ಕೊಂಡ್ರ ಕೇರ್‌ಗಿವರ್ ಏನಾಗ್ತಾರ, ಸ್ಟಡಿದಾಗ ಇರ್ತಾರೋ ಇಲ್ಲೋ, ಅದೂ ಮೊದ್ಲೇ ಬರೀರಿ, ಕ್ಯಾನ್ಸರ್ ಸ್ಟಡಿದಾಗ ಇದು ಬಂದೇ ಬರ್ತದ. ಇಂಥಾದಕ್ಕ ಆಶಾ ಅಥವಾ ವಿಆರ್‌ಡಬ್ಲ್ಯೂ ದಾರಿನೇ ಗಟ್ಟಿ, ಸಿಮ್ ಬದ್ಲಿಸಿದ್ರೂ ಮನಿ ಬದ್ಲಾಗಲ್ಲ. ಬದ್ಲಾಗೋದು ದುಡ್ಯಾಕ ಹೋದಾಗ, ಅದಕ್ಕ ಇನ್ನೊಬ್ರ ನಂಬರ್ ಸೇರ್ಸಿ ಬರ್ಕೊಂಡಿರ‍್ರಿ.

ರೊಕ್ಕದ ಮಾತು. 2023ರ ಜೂನ್‌ದಿಂದ ಶಕ್ತಿ ಯೋಜನಾದಾಗ ಹೆಣ್ಮಕ್ಕಳಿಗೆ ಸರಕಾರಿ ಬಸ್ ಫ್ರೀ ಅದ, ಹಂಗಾಗಿ ಬಸ್ ಚಾರ್ಜ್ ಕೊಡ್ತೀವಿ ಬರ್ರಿ ಅಂದ್ರ ಅದ್ರಾಗ ಆಕಿಗೆ ಏನೂ ಸಿಕ್ಕಂಗಾಗಲ್ಲ. ಆಕಿ ಬರಬೇಕಂದ್ರ ಮನ್ಯಾಗ ರೋಗಿ ಹತ್ರ ಯಾರಾದ್ರೂ ಕೂಡಬೇಕು, ಆಕಿದು ಆವತ್ತಿನ ಕೂಲಿ ಹೋಗ್ತದ. ಖರ್ಚು ಮತ್ತ ಹೋದ ಕೂಲಿ ತುಂಬಿ ಕೊಡೋದು ತಪ್ಪಲ್ಲ, ಎಷ್ಟು ಅಂತ ಎಥಿಕ್ಸ್ ಕಮಿಟಿ ಮುಂದಿಡ್ರಿ, ಆಸಿಗೆ ಸೇರೋವಷ್ಟು ದೊಡ್ಡದಾಗಬಾರ್ದು ಅಷ್ಟೇ. ಪ್ರಯಾಣ ಭತ್ಯೆ ಅಂತ ಬರೀಯೋದ್ರ ಬದ್ಲಿ ರೋಗಿ ಹತ್ರ ಕೂಡೋರಿಗೆ ಅಂತ ಬರೀರಿ, ಇಲ್ಲಾಂದ್ರ ನೀವೇ ಮನಿಗೆ ಹೋಗ್ರಿ, ನನಗ ಎರಡನೇದೇ ಸರಿ ಅನಸ್ತದ.

ಭಾಷಾ ಅಂದ್ರ ಕನ್ನಡ ಒಂದೇ ಫಾರ್ಮ್ ಮಾಡ್ಕೊಂಡು ಬೀದರ್‌ಗ ಹೋಗಬ್ಯಾಡ್ರಿ. ಔರಾದ್, ಭಾಲ್ಕಿ, ಬಸವಕಲ್ಯಾಣ ಕಡೆ ಮರಾಠಿ ಬೇಕು, ಶಹರದ ಓಣಿಗಳಾಗ ದಖನಿ ಉರ್ದು, ಸೇಡಂ, ಗುರುಮಠಕಲ್ ಗಡಿದಾಗ ತೆಲುಗು, ಚಿಂಚೋಳಿ ತಾಂಡಾದಾಗ ಲಂಬಾಣಿ ಬಲ್ಲ ಹುಡುಗಿ ಜೊತಿಗಿದ್ರ ಅರ್ಧ ಕೆಲಸ ಆದಂಗ. ಲಂಬಾಣಿಗೆ ಲಿಪಿ ಇಲ್ಲ ಅಂತ ಕೈ ಬಿಡಬ್ಯಾಡ್ರಿ, ಆಡಿಯೋ ರೆಕಾರ್ಡ್ ಮಾಡಿ ಕೇಳಸ್ರಿ, ಕಮಿಟಿಗೂ ಅದೇ ಆಡಿಯೋ ಸ್ಕ್ರಿಪ್ಟ್ ಕೊಡ್ರಿ.

ದಿನ ಆರ್ಸೋದು ಕೂಡ ದಾರಿ ಆರ್ಸಿದಷ್ಟೇ. ತೊಗರಿ ರಾಶಿ ಟೈಮ್, ಡಿಸೆಂಬರ್ ಜನವರಿ, ಹಳ್ಳಿ ದಾರಿ ಬ್ಯಾಡ, ಮನ್ಯಾಗ ಹಾಸಿಗಿ ಹಿಡದವ್ರು ಬಿಟ್ರ ಯಾರೂ ಇರಲ್ಲ. ಎಳ್ಳ ಅಮಾವಾಸಿ ದಿನ ಇಡೀ ಊರು ಹೊಲದಾಗ ಇರ್ತದ. ಯಾದಗಿರಿ ಕಡೆ ಹತ್ತಿ ಬಿಡಸೋ ಟೈಮ್ ನೋಡ್ಕೋರಿ. ರಂಜಾನ್‌ದಾಗ ಸಂಜಿ ಹೊತ್ತು ಬಿಡ್ರಿ, ಏಪ್ರಿಲ್ ಮೇದಾಗ ಬಿಸಲು 40 ದಾಟಿರ್ತದ, ಮುಂಜಾನಿ ಹತ್ತರೊಳಗ ಮುಗ್ಸಿ. ರಾಶಿ ಮಾಡೋ, ಹತ್ತಿ ಬಿಡಸೋ ತಿಂಗಳದಾಗ ದವಾಖಾನಿ ದಾರಿ, ಮಳಿಗಾಲ ಶುರುವಾಗೋಕಿಂತ ಮೊದ್ಲು ಮತ್ತ ರಾಶಿ ಮುಗದ ಮ್ಯಾಲ ಹಳ್ಳಿ ದಾರಿ, ಹಿಂಗ ಕೂಡ್ಸಿ ಪ್ಲಾನ್ ಮಾಡಿದ್ರ ವರ್ಷ ಪೂರ್ತಿ ಕೆಲಸ ನಡೀತದ.

ಯಾವ ದಾರಿ ಹಿಡದ್ರೂ ಎರಡು ವಸ್ತು ಬ್ಯಾಗ್‌ದಾಗ ಇರಬೇಕು. ಒಂದು ಸ್ಕ್ರೀನಿಂಗ್ ಲಾಗ್: ಎಷ್ಟು ಮಂದಿಗೆ ಕೇಳಿದ್ರಿ, ಎಷ್ಟು ಮಂದಿ ಹೊಂದಲಿಲ್ಲ, ಎಷ್ಟು ಮಂದಿ ಬ್ಯಾಡ ಅಂದ್ರು, ಯಾಕ ಅಂದ್ರು, ಕೇಳಿದ ದಿನನೇ ಬರೀರಿ. "ಟೈಮಿಲ್ಲ" ಅಂತ ಬಿಟ್ಟವ್ರೇ ಹೆಚ್ಚು ಭಾರ ಹೊತ್ತವ್ರು ಇರಬಹುದು, ಅದು ಈ ಲಾಗ್ ಇದ್ರ ಮಾತ್ರ ಕಾಣ್ತದ. ಇನ್ನೊಂದು, ಯಾರಾದ್ರೂ ಮಾತಾಡ್ತಾ ಅತ್ರ, ಸಾಯಬೇಕು ಅನಸ್ತದ ಅಂದ್ರ ಏನ್ ಮಾಡಬೇಕು ಅನ್ನೋ ಒಂದು ಪುಟದ ಪ್ಲಾನ್. ಫಾರ್ಮ್ ಬದಿಗಿಟ್ಟು ಕೂಡ್ರಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಅಲ್ಲೇ ಹಚ್ಚಿ ಕೊಡ್ರಿ, ತಾಲೂಕಿನ ಮನೋವೈದ್ಯರು ಯಾವತ್ತು ಬರ್ತಾರ ಅಂತ ತಿಳಿಸ್ರಿ. ಹಿರಿಯರ ವಿಷಯಕ್ಕ ಎಲ್ಡರ್‌ಲೈನ್ 14567. ಆವತ್ತಿನ ಇಂಟರ್ವ್ಯೂ ಮುಗೀಲಿಲ್ಲ ಅಂದ್ರ ಮುಗೀಲಿಲ್ಲ, ಮತ್ತ ಬರ್ಲೇನ್ರಿ ಅಕ್ಕ ಅಂತ ಕೇಳಿ ಬರ್ರಿ.